ತಟ್ಟೆ ಅಕ್ಕನ ಹಳೇ ಡಬ್ಬ

"ಹೊಸ ಕಂಪ್ಯೂಟರ್ ರೀ ಇದು, ಹೊಸದು! ಮೊನ್ನೆ ಬುಧವಾರ ಪೆಟ್ಟಿಗೆ ಒಡೆದಿದ್ದು. ನಿಮ್ಮ ಆ ತುಕ್ಕು ಹಿಡಿದ ಡಬ್ಬ ಓಡಿಸೋ ಡಿಸ್ಕನ್ನ ಇದು ಓಡಿಸಲ್ಲ ಅಂದ್ರೆ ಯಾರ ಕಿವಿ ಮೇಲೆ ಹೂ ಇಡ್ತಿದೀರಿ?"

"ಹೊಸದು, ಅದಕ್ಕೇ ಓಡಿಸಲ್ಲ. ಮೂರು ಸಲ ಹೇಳಿದೆ ಸ್ವಾಮಿ. ನಾಲ್ಕನೇ ಸಲ ಹೇಳೋಕೆ ನನಗೆ ಪುರುಸೊತ್ತಿಲ್ಲ."

ಭಾನುವಾರ ಬೆಳಗಿನ ಆರೂವರೆ. ಹಾಲಿನ ವ್ಯಾನು ಆಗತಾನೆ ಹೋಗಿದೆ. ಅರ್ಧ ಎತ್ತಿದ ಶಟರ್ ಕೆಳಗಿನಿಂದ ಜಗಳ ನುಸುಳಿ ಬೀದಿಗೆ ಬರುತ್ತಿದೆ. ಒಳಗೆ ಇರುವುದು ಮೂರೇ ಜನ. ಕೂಗುತ್ತಿರುವವರು ಕಟ್ಟಡ ಕಟ್ಟಿಸುವ ಕಂಟ್ರಾಕ್ಟರ್. ತಿರುಗಿ ಕೊಡುತ್ತಿರುವಾಕೆ ಐವತ್ತಮೂರು ವರ್ಷದ ಹೆಂಗಸು. ಹಣೆಗೆ ಕಟ್ಟಿದ ಪಟ್ಟಿಯಲ್ಲಿ ಪುಟ್ಟ ದೀಪ ಉರಿಯುತ್ತಿದೆ, ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಸಿನಿಮಾ ಡಿಸ್ಕಿಗೆ ತಟ್ಟೆ ಎನ್ನುವ ಬೀದಿಯವರು ಆಕೆಯನ್ನು ಕರೆಯುವುದು 'ತಟ್ಟೆ ಅಕ್ಕ' ಎಂದು. ಮೂರನೆಯವನು ಆಕೆಯ ತಮ್ಮ. ಅಂಗಡಿಯ ಮುಂದಿನ ಅರ್ಧದಲ್ಲಿ ಫೋನುಗಳಿಗೆ ಗಾಜು ಅಂಟಿಸುವುದು ಅವನ ಕೆಲಸ. ಸದ್ಯಕ್ಕೆ ಅವನು ಯಾರ ಮುಖವನ್ನೂ ನೋಡುತ್ತಿಲ್ಲ.

ಮಾತಾಡಿ ಪ್ರಯೋಜನವಿಲ್ಲ ಅನಿಸಿದಾಗ ಆಕೆ ಕಂಟ್ರಾಕ್ಟರ್ ಕೈಯಿಂದ ಡಿಸ್ಕ್ ಕಿತ್ತುಕೊಳ್ಳುತ್ತಾಳೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಾಳೆ. ಸುತ್ತಾಕಾರ ಒರೆಸಿದರೆ ಗೀರು ಓದುವ ದಾರಿಯುದ್ದಕ್ಕೂ ಬೀಳುತ್ತದೆ, ನೇರ ಗೀರಾದರೆ ಡಿಸ್ಕ್ ಓದುವ ಡ್ರೈವ್ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಡಬ್ಬ ಅಂದರೆ ಆಕೆಯ ಹಳೇ ಕಂಪ್ಯೂಟರ್; ಅದರ ಬಾಯಿ ತೆರೆದು ಡಿಸ್ಕ್ ಇಡುತ್ತಾಳೆ. ಹದಿನಾಲ್ಕು ಸೆಕೆಂಡು ಗುರ್ ಅನ್ನುತ್ತದೆ. ಆಮೇಲೆ ಪರದೆ ತುಂಬ ಸಮುದ್ರ. ಒಂದೊಂದು ಹನಿಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ.

ಕಂಟ್ರಾಕ್ಟರ್ ಪರದೆಯ ಹತ್ತಿರಕ್ಕೆ ಬಗ್ಗುತ್ತಾರೆ.

"ಹಾಗಾದ್ರೆ ಈ ಡಬ್ಬಾನೇ ಕೊಡಿ. ಕೇಳಿದಷ್ಟು ಕೊಡ್ತೀನಿ. ಭಾನುವಾರ ಬೆಳಿಗ್ಗೆ ಬಂದು ತಗೊಂಡು ಹೋಗಿ ಅಂತ ನಿಮ್ಮ ತಮ್ಮಾನೇ ಹೇಳಿದ್ದು."

ತಟ್ಟೆ ಅಕ್ಕ ತಮ್ಮನ ಕಡೆ ತಿರುಗುತ್ತಾಳೆ. ಹಣೆಯ ದೀಪ ನೇರ ಅವನ ಕಣ್ಣಿಗೆ ಹೊಡೆಯುತ್ತದೆ.

"ಏನೋ ಇದು?"

ಇನ್ನು ಮೂರೂವರೆ ಗಂಟೆಗೆ, ನಾಲ್ಕು ಬೀದಿ ಆಚೆಯ ಒಂದು ಹಾಲ್‌ನಲ್ಲಿ ಮೂವತ್ತೆಂಟು ಜನ ಇದೇ ಡಬ್ಬಕ್ಕೆ ಕಾಯುತ್ತಾ ಕೂರುತ್ತಾರೆ. ಆ ಮೂವತ್ತೆಂಟು ಜನರಲ್ಲಿ ಯಾರಿಗೂ ಕಿವಿ ಕೇಳುವುದಿಲ್ಲ. ಡಬ್ಬ ಕಂಟ್ರಾಕ್ಟರ್ ಕಾರಿಗೆ ಹೋದರೆ ಅವರ ಸಿನಿಮಾ ಅಲ್ಲಿಗೆ ಮುಗಿಯಿತು.

ಸಿನಿಮಾ ಮಾಡಿದವರಿಗೆ ಹಾರ ಹಾಕುತ್ತೇವೆ. ಆ ಸಿನಿಮಾ ಮನೆಯ ಕಂಪ್ಯೂಟರಿನಲ್ಲಿ ಮೂಡುವ ಹಾಗೆ ಮಾಡುವವರ ಹೆಸರು ಯಾವ ಪರದೆಯ ಮೇಲೂ ಬರುವುದಿಲ್ಲ. ತಟ್ಟೆ ಅಕ್ಕ ಹತ್ತನೇ ತರಗತಿಗೆ ಶಾಲೆ ಬಿಟ್ಟವಳು. ಅಪ್ಪ ಇದೇ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದನ್ನು ಅವರ ಪಕ್ಕದಲ್ಲಿ ಕೂತು ಕಲಿತಳು. ಆಮೇಲೆ ಹದಿನಾಲ್ಕು ವರ್ಷ ಡಿಸ್ಕ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ. ಎಚ್‌ಡಿ ಡಿಸ್ಕ್ ಬಂದ ಹೊಸದರಲ್ಲಿ ಗಿರಾಕಿಗಳು ಬೈದುಕೊಂಡೇ ವಾಪಸ್ ತರುತ್ತಿದ್ದರು: "ನಿಮ್ಮ ಡಿಸ್ಕ್ ಕೆಟ್ಟಿದೆ, ನಮ್ಮ ಕಂಪ್ಯೂಟರ್‌ನಲ್ಲಿ ಓಡಲ್ಲ." ಡಿಸ್ಕ್ ಚೆನ್ನಾಗಿಯೇ ಇರುತ್ತಿತ್ತು. ಉಳಿದವರು ಕ್ಷಮೆ ಕೇಳಿ ಕಳಿಸಿದರೆ, ಈಕೆ ಯಾವ ಕಂಪ್ಯೂಟರ್, ಯಾವ ಡ್ರೈವ್, ಯಾವ ಕೇಬಲ್ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ಬಾಡಿಗೆ ಅಂಗಡಿ ಮುಚ್ಚಿದ ದಿನ ಆಕೆ ಮನೆಗೆ ತಂದದ್ದು ಅಂಥ ಮೂರು ನೋಟ್‌ಬುಕ್. ಈಗ ಹನ್ನೊಂದಾಗಿವೆ.

ಕೆಲಸ ಏನೆಂದು ಕೇಳಿದರೆ ಆಕೆ ಕೈಯ ಐದು ಬೆರಳು ಬಿಡಿಸಿ ತೋರಿಸುತ್ತಾಳೆ.

"ಐದು ಜನ ಕೈ ಕೈ ಹಿಡ್ಕೊಂಡು ನಿಂತ ಹಾಗೆ ಇದು. ಡ್ರೈವು, ಪ್ರೊಸೆಸರು, ಡಿಸ್ಕ್ ಓಡಿಸೋ ಪ್ರೋಗ್ರಾಮು, ಕೇಬಲ್ಲು, ಪರದೆ. ಡಿಸ್ಕಿಗೆ ಬೀಗ ಇರತ್ತೆ. ಐದೂ ಜನ ಸಾಚಾ ಅಂತ ಗೊತ್ತಾದ್ರೆ ಮಾತ್ರ ಬೀಗ ಬಿಚ್ಚತ್ತೆ. ಒಬ್ಬ ಕೈ ಬಿಟ್ರೂ ಪರದೆ ಕಪ್ಪು. ಯಾರು ಬಿಟ್ಟಿದ್ದು ಅಂತ ಒಬ್ಬನೂ ಬಾಯಿ ಬಿಡಲ್ಲ. ಅವನನ್ನ ಹಿಡಿಯೋದೇ ನನ್ನ ಕೆಲಸ."

ಮಾಮೂಲಿ ಎಚ್‌ಡಿ ಡಿಸ್ಕ್ ಆದರೆ ಹೇಗೋ ಪಳಗಿಸಬಹುದು. ಅದಕ್ಕಿಂತ ನಾಲ್ಕು ಪಟ್ಟು ಸ್ಪಷ್ಟವಾದ ಅಲ್ಟ್ರಾ ಎಚ್‌ಡಿ ಡಿಸ್ಕಿನ ಗತ್ತೇ ಬೇರೆ. ಪ್ರೊಸೆಸರಿನ ಒಳಗೆ ಒಂದು ಗುಟ್ಟಿನ ಕೋಣೆ ಇದ್ದರೆ ಮಾತ್ರ ಅದು ಕಂಪ್ಯೂಟರಿನಲ್ಲಿ ಬೀಗ ಬಿಚ್ಚುತ್ತದೆ. ಕೆಲವು ವರ್ಷ ಆ ಕೋಣೆ ಇಟ್ಟು ಪ್ರೊಸೆಸರ್ ಮಾಡಿದರು. ಆಮೇಲೆ ಹೊಸ ಪ್ರೊಸೆಸರುಗಳಿಂದ ಕೋಣೆಯನ್ನೇ ತೆಗೆದುಹಾಕಿದರು. ಹಾಗಾಗಿ ಮುದಿ ಕಂಪ್ಯೂಟರ್ ಕುಣಿಯುತ್ತದೆ, ಎಳೆಯದು ಕಣ್ಣು ಕಣ್ಣು ಬಿಡುತ್ತದೆ. ಹೊಸದು ಕೊಳ್ಳುವವನಿಗೆ ಇದನ್ನು ಯಾರಾದರೂ ಹೇಳುತ್ತಾರೆಯೇ? ಪೆಟ್ಟಿಗೆಯ ನಾಲ್ಕೂ ಮೈಗೆ ಹೊಗಳಿಕೆ ಅಚ್ಚು ಹಾಕಿರುತ್ತಾರೆ. 'ಇದು ಇದರಿಂದ ಆಗದು' ಅನ್ನುವ ಒಂದು ಸಾಲಿಗೆ ಮಾತ್ರ ಜಾಗ ಇರುವುದಿಲ್ಲ. ಕೊಂಡವನು ಉಗಿಯುವುದು ಅಕ್ಕನ ಮುಖಕ್ಕೆ.

ಭಾನುವಾರ ಬಿಟ್ಟರೆ, ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಮಧ್ಯಾಹ್ನ ಎರಡರವರೆಗೆ ಎದ್ದೇಳುವುದಿಲ್ಲ. ವಾರಕ್ಕೆ ಮೂರು ಕಂಪ್ಯೂಟರ್, ಹೆಚ್ಚೆಂದರೆ ನಾಲ್ಕು. ಇದುವರೆಗೆ ಎರಡು ಸಾವಿರದ ನೂರ ನಲವತ್ತು ಯಂತ್ರಗಳು ಆಕೆಯ ಮೇಜಿನ ಮೇಲೆ ಮಾತಾಡಿವೆ. ಮಾತಾಡದೆ ಹೋದದ್ದು ಎಪ್ಪತ್ತೊಂದು. ಅವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಕತ್ತಿನ ಎಡಭಾಗ ಹಿಡಿದುಕೊಂಡರೆ ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ನೋವು, ಅಂಗಡಿಗೆ ಬರುವ ಹೊಸಬರ ಮೊದಲ ಪ್ರಶ್ನೆ.

"ರಿಪೇರಿ ಮಾಡೋರು ಯಾರೂ ಇಲ್ವಾಮ್ಮ? ಗಂಡಸರು ಯಾರಾದ್ರೂ?"

"ಇದಾನೆ. ಮುಂದೆ ಗಾಜು ಅಂಟಿಸ್ತಾನೆ. ಅಂಟಿಸ್ಕೊಂಡು ಹೋಗ್ತೀರಾ?"

ಇಷ್ಟೆಲ್ಲ ಯಾಕೆ, ಇಂಟರ್‌ನೆಟ್ಟಿನಲ್ಲಿ ಸಿನಿಮಾ ಬಿಟ್ಟಿ ಸಿಗುತ್ತದಲ್ಲ ಎಂದವರಿಗೆ ಆಕೆ ಉತ್ತರವನ್ನೇ ಕೊಡುವುದಿಲ್ಲ. ಕದ್ದದ್ದನ್ನು ಮೇಜಿನ ಮೇಲೆ ಇಡಲು ಬಿಡುವುದೂ ಇಲ್ಲ. ಆದರೆ ಡಿಸ್ಕಿನ ಹಟಕ್ಕೆ ನಿಜವಾದ ಕಾರಣ ಮನೆಯಲ್ಲಿದೆ. ಕಾರಣದ ಹೆಸರು ದೊಡ್ಡಕ್ಕ.

ದೊಡ್ಡಕ್ಕನಿಗೆ ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದಾಕೆ. ಚಿಕ್ಕವರಿದ್ದಾಗ ಸಿನಿಮಾಕ್ಕೆ ಹೋದರೆ ಕತೆಯನ್ನು ಕೈಯಲ್ಲಿ ಹೇಳುವ ಪಾಳಿ ತಂಗಿಯದು. ತಂಗಿ ತಾನೂ ನೋಡಬೇಕಲ್ಲ! ಅರ್ಧ ಹೇಳುವಳು, ಅರ್ಧ ನುಂಗುವಳು. ದೊಡ್ಡಕ್ಕ ತೊಡೆ ಚಿವುಟುವಳು.

ಮೊದಲ ಸಲ ಎಚ್‌ಡಿ ಡಿಸ್ಕ್ ಮನೆಗೆ ತಂದು ಹಾಕಿದಾಗ, ಕಿವಿ ಕೇಳದವರಿಗೆಂದೇ ಇದ್ದ ಅಕ್ಷರಗಳನ್ನು ತಂಗಿ ಆನ್ ಮಾಡಿದಳು. ಅದು ಅಕ್ಕತಂಗಿಯರು ಹಿಂದೆ ಥಿಯೇಟರಿನಲ್ಲಿ ಎರಡು ಸಲ ನೋಡಿದ್ದ ಸಿನಿಮಾ. ಮನೆಯ ಬಾಗಿಲಲ್ಲಿ ಒಬ್ಬ ಮುದುಕ ಸುಮ್ಮನೆ ನಿಂತಿರುವ ದೃಶ್ಯ. ಮಾತಿಲ್ಲ. ಕೆಳಗೆ ಅಕ್ಷರ ಮೂಡಿತು: 'ದೂರದಲ್ಲಿ ನಾಯಿ ಬೊಗಳುತ್ತಿದೆ.'

ದೊಡ್ಡಕ್ಕ ಎದ್ದು ನಿಂತುಬಿಟ್ಟಳು. ಕೈಗಳು ಪಟಪಟನೆ ಆಡಿದವು. 'ನಾಯಿ ಇತ್ತಾ? ನಾಯಿ ಇತ್ತು ಅಂತ ನೀನು ಹೇಳಲೇ ಇಲ್ಲವಲ್ಲೇ!'

"ಇಪ್ಪತ್ತೈದು ವರ್ಷ ಆದ್ಮೇಲೆ ನಾಯಿ ವಿಷಯಕ್ಕೆ ಬೈಸ್ಕೊಂಡೆ," ಎಂದು ತಟ್ಟೆ ಅಕ್ಕ ನಗುತ್ತಾಳೆ. "ತಪ್ಪು ನಂದೇ. ನಾಯಿ ಕೂಗಿದ್ದು ನನಗೆ ಕೇಳಿತ್ತು. ಅದನ್ನೆಲ್ಲ ಏನು ಹೇಳೋದು ಅಂತ ಬಿಟ್ಟಿದ್ದೆ."

ಅಲ್ಲಿಂದ ಶುರುವಾದದ್ದು ಭಾನುವಾರದ ಆಟ. ದೊಡ್ಡಕ್ಕನ ಗೆಳತಿಯರು ಆರು ಜನ ಬಂದರು, ಹನ್ನೆರಡಾದರು, ಈಗ ಮೂವತ್ತೆಂಟು. ಹೊಲಿಗೆ ತರಗತಿ ನಡೆಯುವ ಹಾಲ್‌ನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಆ ಹಾಲ್‌ಗೆ ಇಂಟರ್‌ನೆಟ್ ಇಲ್ಲ, ಹಲಗೆಯ ನೆಲ ಇದೆ. ಎರಡು ದೊಡ್ಡ ಸ್ಪೀಕರ್‌ಗಳನ್ನು ನೆಲಕ್ಕೆ ಮುಖ ಮಾಡಿ ಮಲಗಿಸುತ್ತಾರೆ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕೂರುತ್ತಾರೆ. ಗುಡುಗು ಬಂದರೆ ಪಾದಕ್ಕೆ ಗೊತ್ತಾಗುತ್ತದೆ, ನಾಯಿ ಬೊಗಳಿದರೆ ಅಕ್ಷರ ಹೇಳುತ್ತದೆ. ಸಿನಿಮಾ ಮುಗಿದಾಗ ಚಪ್ಪಾಳೆ ಇಲ್ಲ. ಎಪ್ಪತ್ತಾರು ಕೈಗಳು ಮೇಲೆದ್ದು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅಲ್ಲಾಡುತ್ತವೆ. ತಟ್ಟೆ ಅಕ್ಕ ಆಗ ಕೇಬಲ್ ಸುತ್ತುತ್ತಾ ತಲೆ ತಗ್ಗಿಸಿಕೊಂಡಿರುತ್ತಾಳೆ. ಒಮ್ಮೆ ಮಾತ್ರ ಕದ್ದು ನೋಡುತ್ತಾಳೆ.

ಆ ಹಳೇ ಡಬ್ಬದಂಥವನ್ನು ಆಕೆ ಮೂರು ಕಟ್ಟಿದ್ದಳು. ಎರಡರ ಒಳಗಿನ ಮದರ್‌ಬೋರ್ಡ್ ಸುಟ್ಟುಹೋಗಿವೆ. ಅದೇ ವರ್ಷದ ಬೋರ್ಡ್ ಈಗ ಹುಡುಕಿದರೂ ಸಿಗುವುದಿಲ್ಲ. ಉಳಿದಿರುವುದು ಇದೊಂದೇ. ಅದರ ನೆತ್ತಿಗೆ ಆಕೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದಾಳೆ: 'ಏನೇ ಕೇಳಿದರೂ ಬೇಡ ಅನ್ನು.'

ಆ ಚೀಟಿ ತಮ್ಮನಿಗಾಗಿ ಬರೆದದ್ದು. ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಅವನು ಯಾವುದೋ ಫೋನಿನ ಕೆಲಸಕ್ಕೆ ಇದನ್ನು ಇಂಟರ್‌ನೆಟ್ಟಿಗೆ ಸಿಕ್ಕಿಸಿದ. ಅಪ್‌ಡೇಟ್ ಮಾಡಲೇ ಎಂದು ಯಂತ್ರ ಕೇಳಿತು. ಅಕ್ಕನಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ಅವನು 'ಸರಿ' ಒತ್ತಿದ. ಬೇರೆ ಯಾವ ಅಂಗಡಿಯಲ್ಲಾದರೂ ಅದು ಒಳ್ಳೆಯ ಕೆಲಸವೇ. ಇಲ್ಲಿ ಅದು ಗುಟ್ಟಿನ ಕೋಣೆಯ ಬಾಗಿಲು ಮುಚ್ಚಿತು. ಹಾರ್ಡ್‌ಡಿಸ್ಕಿನ ಹಳೆಯ ಪ್ರತಿ ಆಕೆಯ ತಗಡಿನ ಡಬ್ಬಿಯಲ್ಲಿತ್ತು. ಆದರೆ ಬೋರ್ಡಿನ ಒಳಗಿನ ತಂತ್ರಾಂಶವೂ ಬದಲಾಗಿಹೋಗಿತ್ತು. ಕಂಡಕಂಡವರಿಗೆ ಪತ್ರ ಬರೆದು, ಅದೇ ಬೋರ್ಡ್ ಇಟ್ಟುಕೊಂಡಿದ್ದ ಒಬ್ಬ ನಿವೃತ್ತ ಮೇಷ್ಟ್ರು ಹಳೇ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅಂಚೆಯಲ್ಲಿ ಕಳಿಸುವಷ್ಟರಲ್ಲಿ ಹನ್ನೊಂದು ದಿನ. ನಡುವೆ ಎರಡು ಭಾನುವಾರ ಹೋದವು. ಮೊದಲ ಭಾನುವಾರ ಎಲ್ಲರೂ ಬಂದು ಕಪ್ಪು ಪರದೆಯ ಮುಂದೆ ಒಂದು ಗಂಟೆ ಕೂತಿದ್ದರು, ಯಾರೂ ಎದ್ದು ಹೋಗಲಿಲ್ಲ. ತಟ್ಟೆ ಅಕ್ಕ ಅದನ್ನು ಹೇಳುವಾಗ ಈಗಲೂ ಸ್ಕ್ರೂಡ್ರೈವರ್ ಕೆಳಗಿಡುತ್ತಾಳೆ.

ಈ ಡಬ್ಬವನ್ನೇ ತಮ್ಮ ಈಗ ಕಂಟ್ರಾಕ್ಟರಿಗೆ ಮಾರಲು ಒಪ್ಪಿಕೊಂಡಿರುವುದು.

"ಅಕ್ಕ, ನಾನು ಮಾತು ಕೊಟ್ಟಾಗಿದೆ. ಮರ್ಯಾದೆ ಪ್ರಶ್ನೆ."

"ನಿನ್ನ ಮಾತು ನೀನು ಕೊಡು. ನನ್ನ ಡಬ್ಬ ಯಾಕೋ ಕೊಡ್ತೀಯ?"

"ಇದು ಹೋದ್ರೆ ಹಿಂದಿನ ಅರ್ಧ ಖಾಲಿ ಆಗತ್ತೆ. ಶೋಕೇಸ್ ಹಾಕ್ತೀನಿ. ಅಂಗಡಿ ನಡೀತಿರೋದು ಫೋನಿಂದ, ನಿನಗೂ ಗೊತ್ತು. ಈ ಕಾಲದಲ್ಲಿ ಡಿಸ್ಕ್ ಯಾರು ನೋಡ್ತಾರೆ ಹೇಳು?"

"ಮೂವತ್ತೆಂಟು ಜನ. ಅದ್ರಲ್ಲಿ ಒಬ್ಬಳು ನಿನ್ನ ದೊಡ್ಡಕ್ಕ. ನಿನ್ನನ್ನ ಕಂಕುಳಲ್ಲಿ ಎತ್ಕೊಂಡು ತಿರುಗಿದವಳು."

"ನೀವು ನೀವು ಆಮೇಲೆ ಕಿತ್ತಾಡಿ," ಎಂದು ಕಂಟ್ರಾಕ್ಟರ್ ಗಡಿಯಾರ ನೋಡುತ್ತಾರೆ. "ಕಾರ್ ಹೊರಗಡೆ ಇದೆ."

ಹೊರಗಿನವರ ಮುಂದೆ ಸಣ್ಣವನಾದ ಸಿಟ್ಟು ತಮ್ಮನ ಬಾಯಿಂದ ಹಾರುತ್ತದೆ: "ಹಾಗಾದ್ರೆ ಅವರ ಹತ್ರಾನೇ ಹೋಗಿ ಕೂತ್ಕೋ! ಇಲ್ಲಿಗೆ ಬರಬೇಡ!"

ಹೇಳಿದ ಮೇಲೆ ಅವನೇ ಬೆಚ್ಚುತ್ತಾನೆ. ಅಕ್ಕನ ಮುಖದಲ್ಲಿ ಸಿಟ್ಟಿಲ್ಲ. ಮೇಜಿನ ಮೇಲಿನ ಕಪ್ಪು ಪರದೆಗಳ ಮುಂದೆ ಲೆಕ್ಕ ಹಾಕುವಾಗ ಇರುವ ಮುಖವೇ ಅದು: ಯಾರು ಕೈ ಬಿಟ್ಟರೆಂದು ಈಗ ಗೊತ್ತಾಯಿತು.

"ಸರಿ," ಎನ್ನುತ್ತಾಳೆ.

ವೈರುಗಳನ್ನು ಒಂದೊಂದಾಗಿ ಕಿತ್ತು ಸುತ್ತುತ್ತಾಳೆ. ಹನ್ನೊಂದು ನೋಟ್‌ಬುಕ್ಕು, ಅಪ್ಪನ ಬೆಸುಗೆ ಕಡ್ಡಿ, ತಗಡಿನ ಡಬ್ಬಿ, ಎಲ್ಲ ಒಂದು ಚೀಲಕ್ಕೆ. ಚೀಲ ಹೆಗಲಿಗೆ. ಸೆರಗಿನ ತುದಿಯಿಂದ ಅಂಗಡಿಯ ಬೀಗದ ಕೈ ಬಿಚ್ಚಿ ಫೋನುಗಳ ನಡುವೆ ಇಡುತ್ತಾಳೆ. ಆಮೇಲೆ ಹನ್ನೊಂದು ಕಿಲೋ ತೂಗುವ ಡಬ್ಬವನ್ನು ಎರಡೂ ಕೈಯಲ್ಲಿ ಎದೆಗವಚಿಕೊಳ್ಳುತ್ತಾಳೆ. ಅರ್ಧ ಎತ್ತಿದ ಶಟರ್ ಅಡ್ಡ. ಬಗ್ಗಿದರೆ ಡಬ್ಬ ತಾಗುತ್ತದೆ.

ತಮ್ಮ ಬಂದು ಶಟರ್ ಅನ್ನು ಪೂರ್ತಿ ಮೇಲಕ್ಕೆ ಎತ್ತುತ್ತಾನೆ. ಆಕೆ ಹೊರಗೆ ಬರುತ್ತಾಳೆ.

ಹತ್ತು ಹೆಜ್ಜೆ ಹೋಗಿದ್ದಾಳೋ ಇಲ್ಲವೋ, ಕಂಟ್ರಾಕ್ಟರ್ ಬೀದಿಗೆ ಓಡಿ ಬರುತ್ತಾರೆ.

"ರೀ! ನನ್ನ ಡಿಸ್ಕ್! ನನ್ನ ಡಿಸ್ಕ್ ಅದರೊಳಗೇ ಇದೆ ರೀ!"

"ಗೊತ್ತು," ಎನ್ನುತ್ತಾಳೆ ತಟ್ಟೆ ಅಕ್ಕ, ತಿರುಗದೆ. "ಹತ್ತು ಗಂಟೆಗೆ ಹಾಲ್‌ಗೆ ಬನ್ನಿ. ಪೂರ್ತಿ ನೋಡ್ಕೊಂಡು ತಗೊಂಡು ಹೋಗಿ. ಚಪ್ಪಲಿ ಹೊರಗೆ ಬಿಡಬೇಕು."

ಬೆಳಕು ಪೂರ್ತಿ ಹರಿದಿದೆ. ಹಣೆಯ ದೀಪ ಆರಿಸಲು ಕೈ ಖಾಲಿ ಇಲ್ಲ. ಅದು ಬಿಸಿಲಲ್ಲೂ ಉರಿಯುತ್ತಲೇ ಬೀದಿಯ ತಿರುವು ದಾಟುತ್ತದೆ. ಆ ಅಂಗಡಿಗೆ ಆಕೆ ಮತ್ತೆ ಕಾಲಿಟ್ಟಿಲ್ಲ.