ಆಡಿನ ಗಂಟಲಿನ ಮ್ಯಾಲ ನನ್ನ ಅಭ್ಯಾಸ

ನಲವತ್ತೊಂದನೇ ವರ್ಷಕ್ಕ ನಾ ಮತ್ತ ಬೆಂಚಿನ ಮ್ಯಾಲ ಕುಂತು ಓದಾಕ ಹೋದ್ನಿ. ಯಾರೂ ದಬ್ಬಲಿಲ್ಲ, ನಾನೇ ಹೋದ್ನಿ. ತಾಲೂಕಿನ ದವಾಖಾನಿಯೊಳಗ ಹದಿನೆಂಟು ವರ್ಷ ನರ್ಸ್ ಅಂತ ದುಡದಾಕಿ. ಹಾವು ಕಡದವ್ರು, ಕುಡದು ಗಾಡಿ ಮ್ಯಾಲಿಂದ ಬಿದ್ದವ್ರು, ಸಿಟ್ಟಿನಾಗ ಬೆಳಿಗಿ ಹೊಡಿಯೂ ಔಷಧ ಕುಡದವ್ರು, ಎಲ್ಲಾರ್ನೂ ನೋಡೀನಿ ಅನ್ನೋ ಸೊಕ್ಕು ತಲಿಗೇರಿತ್ತು. ತುರ್ತು ಚಿಕಿತ್ಸಾದ ನರ್ಸ್ ಪ್ರ್ಯಾಕ್ಟೀಷನರ್ ಅಂತ ಒಂದು ಕೋರ್ಸ್ ಐತಿ, ಡಾಕ್ಟರ್ ಬರೂತನಕ ಪೇಶಂಟನ ಜೀವ ಹಿಡದು ನಿಲ್ಲಸೂದು ಕಲಸ್ತಾರ ಅಂತ ಗೊತ್ತಾತು. "ಅದ್ರಾಗೇನೈತಿ, ನಾ ದಿನಾ ಮಾಡೂದು ಅದೇ ಅಲ್ಲೇನು" ಅಂದು ಫಾರ್ಮ್ ತುಂಬಿದ್ನಿ.

ಸಾಂಗ್ಲಿಯೊಳಗ ಇದ್ದು ಓದಬೇಕು, ಶನಿವಾರ ಆಯಿತವಾರ ಅಷ್ಟೇ ನಮ್ಮೂರು ವಳಸಂಗಕ್ಕ ಮನಿಗಿ ಬರೂದು. ನಮ್ಮ ಯಜಮಾನ್ರು ಮೂಗು ಮುರದ್ರು. "ಮಕ್ಕಳನ್ನ ಯಾರು ನೋಡೂದು?" ಅಂದ್ರು. ಅತ್ತಿಯವರು ರೊಟ್ಟಿ ಬಡಿಯೂದು ನಿಲ್ಲಿಸಿ, "ಯಾಕ, ನಾ ಏನ್ ಸತ್ತೀನೇನು?" ಅಂದ್ರು. ಅಷ್ಟೇ. ಅಲ್ಲಿಗೆ ಆ ಮಾತು ಮುಗೀತು.

ಅತ್ತಿಯವರ ಬಗ್ಗೆ ಒಂದೀಟು ಹೇಳಬೇಕು. ಕೊರಳಾಗ ಲಿಂಗ, ಹಣಿ ತುಂಬ ವಿಭೂತಿ. ಜಳಕ ಪೂಜಾ ಆಗೂತನಕ ಚಹಾ ಸೈತ ಮುಟ್ಟಾಂಗಿಲ್ಲ. ನನ್ನ ಸಣ್ಣ ಮಗಳು ಭಾಳ ಬಡಕ ಅದಾಳ, ತತ್ತಿ ಕೊಡ್ರಿ ಅಂತ ಅಂಗನವಾಡಿ ಟೀಚರ್ ಬಾಯಿ ಒಮ್ಮೆ ಬಾಯಿ ತಪ್ಪಿ ಅಂದಿದ್ಲು. ಆಕಿನ್ನ ಅತ್ತಿಯವರು ಆರು ತಿಂಗಳು ಮಾತಾಡಸಲಿಲ್ಲ. ಅಂಥಾ ಮನಿ ನಮ್ಮದು.

ಈಗ ನನ್ನ ಸೊಕ್ಕು ಇಳದ ಕತಿ. ಪೇಶಂಟಗ ಬಾಯಿಲೆ, ಮೂಗಿಲೆ ಉಸಿರಾಡಾಕ ದಾರೀನೇ ಉಳೀಲಿಲ್ಲಂದ್ರ, ಕೊರಳಿನ ಮುಂದ ಬ್ಲೇಡಿಲೆ ಸಣ್ಣ ತೂತ ಮಾಡಿ, ಅದರಾಗ ನಳಿ ಇಳಸಬೇಕು. ಬ್ಯಾರೆ ಎಲ್ಲಾ ಹಾದಿ ಮುಚ್ಚಿದಾಗ ಮಾಡೂ ಕೆಲಸ ಅದು. ಲಗೂನ ಆಗಬೇಕು, ತಪ್ಪಿದ್ರ ಮನಷ್ಯಾ ಹೋದ. ಸೂಜಿ ಚುಚ್ಚು ಅಂದ್ರ ನಾ ಹುಲಿ. ಕುತಗಿ ಕೊಯ್ಯಿ ಅಂದ ಕೂಡ್ಲೆ ಇಲಿ ಆಗಿಬಿಟ್ನಿ. ಹುಟ್ಟಿದಾಗಿಂದ ಬದನಿಕಾಯಿ ಬಿಟ್ರ ಏನೂ ಕೊಯ್ದಾಕಿ ಅಲ್ಲ.

ಪರೀಕ್ಷಾದ ದಿನ ಟೇಬಲ್ ಮ್ಯಾಲ ಪ್ಲಾಸ್ಟಿಕ್ ಬೊಂಬಿ ಮಲಗಿತ್ತು. ನಾ ರೂಢಿ ಪ್ರಕಾರ ಅದಕ್ಕ, "ಹೆದರಬ್ಯಾಡ್ರಿ ಅಣ್ಣಾರ, ಸ್ವಲ್ಪ ಚುರ್ ಅಂತೈತಿ" ಅಂದ್ನಿ. ಹಿಂದ ನಿಂತ ಹುಡುಗ್ಯಾರು ಕಿಸಕ್ಕನ ನಕ್ಕ್ರು. ನನ್ನ ಮಗಳ ಅಕ್ಕಗೋಳಂಗ ಇದ್ರು ಅವರು, ಎಲ್ಲಾರೂ ಪಟಾಪಟ್ ಮಾಡಿ ಹೋಗಿದ್ರು. ನಾ ಬ್ಲೇಡ್ ಹಿಡದ್ರ ಕೈ ಗಡಗಡ. ಬ್ಲೇಡ್ ಜಾರಿ ಬೊಂಬಿ ಕಿವಿ ಕಡಿ ಹೊಂಟಿತು. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ, ನಾ "ಈ ಪ್ಲಾಸ್ಟಿಕ್ ಚಲೋ ಇಲ್ರಿ ಮ್ಯಾಡಮ್" ಅಂದ್ನಿ.

ಕಲಸೂ ಮ್ಯಾಡಮ್ ನನಗಿಂತ ಹತ್ತು ವರ್ಷ ಸಣ್ಣಾಕಿ. ಗಡಿಯಾರ ನೋಡಿ, "ಪ್ಲಾಸ್ಟಿಕ್ ಚಲೋ ಐತಿ ಸಿಸ್ಟರ್. ನಿಮ್ಮ ಪೇಶಂಟ್ ಸತ್ತು ಎರಡು ಮಿನಿಟ್ ಆತು" ಅಂದ್ರು. ಆಮ್ಯಾಲ ಬಾಜೂಕ ಕರದು ಸಾವಕಾಶ ಹೇಳಿದ್ರು. ಇನ್ನ ಒಂದೇ ಚಾನ್ಸ್, ನಾಕು ವಾರ ಬಿಟ್ಟು ಸೋಮವಾರ. ಅದೂ ಹೋತಂದ್ರ ಕೋರ್ಸ್ ಮುಗೀತು, ವರ್ಷ ನೀರಾಗ ಹೋತು, ಹಳೀ ವಾರ್ಡಿಗಿ ಹಳೀ ನರ್ಸ್ ಆಗಿ ವಾಪಸ್. "ಆಡಿನ ಉಸಿರಿನ ಕೊಳವಿ ತಗೊಂಡು ರೂಢಿ ಮಾಡ್ರಿ. ಮನಷ್ಯಾರ್ದೂ ಹೆಚ್ಚುಕಡಿಮಿ ಹಂಗೇ ಇರತೈತಿ" ಅಂದ್ರು.

ಹಾಸ್ಟೆಲಿನಾಗ ಅದನ್ನ ತರಾಕ ಬಿಡಲಿಲ್ಲ. ಉಳದದ್ದು ನಮ್ಮ ಮನಿ, ಅಂದ್ರ ಅತ್ತಿಯವರ ಮನಿ. ಮನಿ ಹಿಂದ ದನದ ಕೊಟಗಿ ಐತಿ, ಮಧ್ಯಾಹ್ನ ಅಲ್ಲಿ ಯಾರೂ ಬರಾಂಗಿಲ್ಲ.

ಮೊದಲ ಶನಿವಾರ ನಮ್ಮ ತಾಲೂಕಿನ ಊರು ಜತ್ತಿನಾಗ ಬಸ್ ಇಳದು, ಮೂಗಿಗಿ ಮಾಸ್ಕ್, ತಲಿ ಮ್ಯಾಲ ಸೆರಗು, ಕಣ್ಣಷ್ಟೇ ಬಿಟ್ಟು ಮಟಣ ಅಂಗಡಿ ಮುಂದ ನಿಂತ್ನಿ. "ಎಷ್ಟು ಕಿಲೋ ಬಾಯಿ?" ಅಂದಾ ಅಂಗಡಿಯಾವ. ನಾ "ಗಂಟಲ ಕೊಳವಿ ಇದ್ರ ಕೊಡ್ರಿ" ಅಂತ ಪಿಸಿಪಿಸಿ ಅಂದ್ನಿ. ಅಂವ ಕೊಯ್ಯೂದು ಬಿಟ್ಟು ನನ್ನ ಕಣ್ಣ ನೋಡಿದ. "ಅಯ್ಯ! ಸಿಸ್ಟರ್ ಬಾಯಿ! ನನ್ನ ಬೆರಳಿಗಿ ಹೊಲಗಿ ಹಾಕಿದಾಕಿ ನೀವೇ ಅಲ್ಲೇನ್ರಿ?" ಅಂತ ಬಜಾರಕ್ಕೆಲ್ಲಾ ಕೇಳೂಹಂಗ ಚೀರಿದ. ಅಷ್ಟಕ್ಕ ಬಿಡಲಿಲ್ಲ. "ಗಂಟಲದಾಗ ಏನೈತ್ರಿ ತಿನ್ನಾಕ, ಕಾಲು ಒಯ್ರಿ, ಸೂಪ್ ಮಾಡ್ರಿ, ನಿಮ್ಮಂಥಾವ್ರ ಮೈಗಿ ಚಲೋ" ಅಂತ ಮಾಡೂ ವಿಧಾನಾನೂ ಹೇಳಿದ. ನಾ ಒಂದು ಮಾತು, "ಇದು ತಿನ್ನಾಕಲ್ರಿ, ಅಭ್ಯಾಸಕ್ಕ" ಅಂದಿದ್ರ ಮುಗದು ಹೋಗತಿತ್ತು. ಶಾಣ್ಯಾಕಿ ನಾ, "ಮುಂದಿನ ವಾರ ನೋಡೂನ್ರಿ" ಅಂದು ಚೀಲ ಬಗಲಾಗ ಒತ್ತಿಕೊಂಡು ಓಡಿದ್ನಿ.

ಹಿಂಗ ಶುರುವಾತು ನನ್ನ ಅಭ್ಯಾಸ. ಒಂದು ಇಟ್ಟಂಗಿ ಮ್ಯಾಲ ಕೊಳವಿ ಇಟ್ಟು, ಎರಡೂ ತುದಿಗಿ ಪಟ್ಟಿ ಹಚ್ಚಿ, ಮೊಬೈಲಿನಾಗ ವಿಡಿಯೋ ಹಾಕ್ಕೊಂಡು ಕೊಯ್ಯೂದು. ನಾ ಕೊಯ್ದದ್ದು ನೋಡಿದ್ರ ಆಡು ಎರಡನೇ ಸಲ ಸಾಯಬೇಕು, ಹಂಗಿತ್ತು. ಮುಗಿಸಿದ ಮ್ಯಾಲ ತಿಪ್ಪಿ ಬಾಜೂಕ ಹೂಳತಿದ್ನಿ, ಓಣಿ ನಾಯಿ ಬಂದು ತಗದು ತಿಂತಿತ್ತು. ಇಡೀ ವಳಸಂಗದಾಗ ನನ್ನ ಓದಿನ ಮ್ಯಾಲ ಭರೋಸಾ ಇದ್ದದ್ದು ಆ ನಾಯಿಗಿ ಒಂದಕ್ಕೇ.

ಜತ್ತಿನ ಬಜಾರದಾಗ ಕೇಳಿದ್ದು ಎರಡನೇ ವಾರಕ್ಕ ನಮ್ಮ ಓಣಿಯೊಳಗ ಸುದ್ದಿ ಆಗಿ ಹಬ್ಬಿತ್ತು. ಊರ ಬಾಯಿಗಿ ಕದ ಹಾಕಾಕ ಬರತೈತೇನು? ನಾ ಹೊಂಟ್ರ ಹೆಣಮಕ್ಕಳು ಮಾತು ನಿಲ್ಲಿಸಿ ಸೆರಗು ಬಾಯಿಗಿ ಹಚ್ಚತಿದ್ರು. ಲಿಂಗವಂತರ ಸೊಸಿ ಶಹರಕ್ಕ ಹೋಗಿ ಮಟಣ ತಿನ್ನೂದು ಕಲತಾಳ, ಅದೂ ಕದ್ದು ಕೊಟಗಿಯೊಳಗ ತಿಂತಾಳ ಅಂತ. ಬಾಜು ಮನಿಯಾಕಿ, ಕುರಿ ಕಾಯೂ ಮನಿತನದಾಕಿ, ನನಗ ಭಾಳ ಬೇಕಾದಾಕಿ. ಆಕಿನೇ ಇದನ್ನ ನನ್ನ ಕಿವ್ಯಾಗ ಹಾಕಿ, "ತಿಂದ್ರ ತಿನ್ರಿ, ಅದ್ರಾಗೇನ್ ತಪ್ಪು? ನಾವು ತಿನ್ನಾಂಗಿಲ್ಲೇನು?" ಅಂದ್ಲು. ನಾ ಆಣಿ ಮಾಡಿ ಇಲ್ಲಂದ್ನಿ. ಆಕಿ ನಕ್ಕೋತ ಹೋದ್ಲು.

ಅತ್ತಿಯವರು ಮಾತ್ರ ಏನೂ ಅನ್ನಲಿಲ್ಲ. ಅದೇ ನನ್ನ ಜೀವ ತಿಂತು. ಶನಿವಾರ ಬಂದ ಕೂಡ್ಲೆ "ಜಳಕ ಮಾಡಿ ಒಳಗ ಬಾ" ಅನ್ನಾಕ ಹತ್ತಿದ್ರು, ಮೊದಲ ಹಂಗ ಅಂತಿದ್ದಿಲ್ಲ. ಊಟಕ್ಕ ಕುಂತಾಗ ನಾ ಎಷ್ಟು ರೊಟ್ಟಿ ತಿಂತೀನಿ ಅಂತ ಎಣಸತಿದ್ರು. ಪೂಜಾ ಅರ್ಧಾ ತಾಸು ಹೋಗಿ ಒಂದು ತಾಸು ಆತು, ಗಲ್ಲಗಲ್ಲ ಬಡಕೊಳ್ಳೂದು ಹೊರಗ ಕೇಳತಿತ್ತು. ನನ್ನ ಮ್ಯಾಲ ದೇವರಿಗಿ ಫಿರ್ಯಾದಿ ಹೇಳಾಕತ್ತಾರ ಅಂತ ನಾ ತಿಳಕೊಂಡ್ನಿ. ಕಳ್ಳನ ಮನಸ್ಸು ಹುಳ್ಳುಳ್ಳಗ ಅನ್ನೂದು ಸುಳ್ಳಲ್ಲ. ಅವರು ಇನ್ನ ಮಕ್ಕಳನ್ನ ನೋಡಿಕೊಳ್ಳಾಂಗಿಲ್ಲ, ಓದು ಸಾಕು, ಮನಿಗಿ ಬಾ ಅಂದ್ರ ಮುಗೀತು, ಪರೀಕ್ಷಾ ಬರೂದಕ್ಕೂ ಮೊದ್ಲೇ ನಾ ನಾಪಾಸ್. ದವಾಖಾನಿಯೊಳಗ ಕುಡದು ಬಂದ ಗಂಡಸರನ್ನ ಕಿವಿ ಹಿಡದು ಕುಂದ್ರಸೂ ನಾ, ಎಪ್ಪತ್ತು ವರ್ಷದ ಮುದುಕಿ ಮುಂದ ಒಂದು ಖರೇ ಮಾತು ಆಡಾಕ ಹೆದರಿದ್ನಿ. ಥೂ ನನ್ನ.

ಪರೀಕ್ಷಾದ ಹಿಂದಿನ ದಿನ, ಆಯಿತವಾರ ಮಧ್ಯಾಹ್ನ. ಕೊಟಗಿಯೊಳಗ ಇಟ್ಟಂಗಿ ಮುಂದ ಕುಂತಿದ್ನಿ. ಹಿಂದ ಬಳಿ ಸಪ್ಪಳ ಆತು. ಅತ್ತಿಯವರು ಬಾಗಲದಾಗ ನಿಂತಿದ್ರು. ಕೈಯಾಗ ಅರಬಿ ಸುತ್ತಿದ ಸ್ಟೀಲಿನ ಡಬ್ಬಿ, ಅದನ್ನ ಮೈಗಿ ತಾಗದಂಗ ದೂರ ಹಿಡದು, ಮುಖ ಆ ಕಡಿ ತಿರವಿದ್ರು. ಆಮ್ಯಾಲ ಇಟ್ಟಂಗಿ ಮ್ಯಾಲ ಅವರ ಕಣ್ಣು ಬಿತ್ತು.

"ಏ ಹುಚ್ಚಿ, ಹಸೀದ ತಿಂತೀಯೇನು? ಹೊಟ್ಟಿ ಕೆಡತೈತಿ!"

ಅವರು ಡಬ್ಬಿ ನೆಲದ ಮ್ಯಾಲ ಇಟ್ಟು ನನ್ನ ಕಡಿ ದೂಡಿದ್ರು. "ತಗೋ. ಬಾಜು ಮನಿಯಾಕಿ ಕಡಿಂದ ಮಾಡಿಸೀನಿ. ನಾಳಿ ಪರೀಕ್ಷಾ ಐತಂತ ಖಾರ ಕಡಿಮಿ ಹಾಕಸೀನಿ. ಓದಿ ಓದಿ ಸೊರಗಿ, ಮೈ ಬೇಡಿರಬೇಕು. ಮನಿಯೊಳಗ ಬ್ಯಾಡ, ಇಲ್ಲೇ ಕುಂತು ತಿನ್ನು. ತಿಂದು ಜಳಕ ಮಾಡಿ ಒಳಗ ಬಾ."

ತತ್ತಿ ಕೊಡ್ರಿ ಅಂದಾಕಿ ಜೋಡಿ ಆರು ತಿಂಗಳು ಮಾತು ಬಿಟ್ಟ ಹೆಣಮಗಳು ಮಂದಿ ಮನಿ ಬಾಗಲಕ್ಕ ಹೋಗಿ, ನನ್ನ ಸೊಸಿಗಿ ಮಟಣ ಮಾಡಿ ಕೊಡ್ರಿ ಅಂತ ಕೇಳಿ, ಓಣಿ ತುಂಬ ಮಂದಿ ನೋಡೂವಾಗ ಹೊತಗೊಂಡು ಬಂದಿದ್ರು. ನನಗ ನಗೂನೂ ಬಂತು, ಅಳೂನೂ ಬಂತು. ಅವರ ಕಾಲು ಹಿಡದು ಎಲ್ಲಾ ಒದರಿಬಿಟ್ನಿ. ಬೊಂಬಿ, ಪರೀಕ್ಷಾ, ಬ್ಲೇಡ್, ಮಟಣ ಅಂಗಡಿ, ನಾಯಿ.

ಅವರು ಪೂರ್ತಿ ಕೇಳಿದ್ರು. "ತಿನ್ನಾಕಲ್ಲ?"

"ಅಲ್ರಿ ಯವ್ವಾ."

"ಬರೇ ತೂತ ಹಾಕಾಕ?"

"ಹೂಂರಿ."

"ಮತ್ತ ಬಾಯಿ ಎಲ್ಲಿ ಇಟ್ಟಿದ್ದಿ? ಊರ ಮಂದಿ ಮ್ಯಾಲ ಗುರುಗುರು ಅಂತಿ, ನನಗ ಒಂದು ಮಾತು ಹೇಳಾಕ ಆಗಲಿಲ್ಲ? ನಾ ಏನ್ ನಿನ್ನ ನುಂಗತಿದ್ನೇನು?"

ಅವರು ಸೆರಗು ಸೊಂಟಕ್ಕ ಸಿಗಿಸಿ, ಎರಡು ಮಾರು ದೂರ ಕುಂತು, "ಕೊಯ್ಯಿ, ನೋಡೂನು" ಅಂದ್ರು. ಕೊಯ್ಯಾಕ ಹೋದ್ನಿ, ಕೈ ಮತ್ತ ಗಡಗಡ. "ಹಂಗ ಗಾಳ್ಯಾಗ ಕೈ ಹಿಡದ್ರ ನಡಗದ ಇನ್ನೇನು? ಕೌದಿ ಹೊಲಿಯೂವಾಗ ಕಿರಿಬೆರಳು ಊರತಿ ಇಲ್ಲ? ಹಂಗ ಊರು." ಊರಿದ್ನಿ. ಬ್ಲೇಡ್ ನೆಟ್ಟಗ ಇಳೀತು, ನಳಿ ಸಳಕ್ಕನ ಒಳಗ ಹೋತು. ಮ್ಯಾಡಮ್ ಇದೇ ಮಾತನ್ನ ಮೂರು ಸಲ ಇಂಗ್ಲೀಷಿನಾಗ ಹೇಳಿದ್ರು. ಆವಾಗ ನಾ ದೊಡ್ಡಾಕಿಯಂಗ ಹೂಂ ಹೂಂ ಅಂದಿದ್ನಿ. ಅತ್ತಿಯವರು ನಾಕು ಸಲ ಮಾಡಿಸಿದ್ರು. ಆಮ್ಯಾಲ ಹೋಗಿ ಎರಡು ಸಲ ಜಳಕ ಮಾಡಿದ್ರು. ಡಬ್ಬಿ ಬಾಜು ಮನಿಗೇ ವಾಪಸ್ ಹೋತು, ಆ ಮನಿಯವರೇ ಹೊಟ್ಟಿ ತುಂಬ ಉಂಡ್ರು.

ಸೋಮವಾರ ನಾ ಪಾಸಾದ್ನಿ. ಬೊಂಬಿಗಿ ಏನೂ ಹೇಳಲಿಲ್ಲ, ಕಿರಿಬೆರಳು ಊರಿ ಕೆಲಸಾ ಮಾಡಿ ಬಂದ್ನಿ.

ಮುಂದಿನ ಶನಿವಾರ ಪೇಢೆ ಡಬ್ಬಿ ಹಿಡಕೊಂಡು, ಮನಿಗಿ ಹೋಗೂದಕ್ಕಿಂತ ಮೊದ್ಲು ಗುಡಿ ಕಟ್ಟಿಗಿ ಹೋದ್ನಿ. ಸುದ್ದಿ ಹಬ್ಬಿಸಿದ ಹೆಣಮಕ್ಕಳು ಅಲ್ಲೇ ಕುಂದರ್ತಾರ. ಎಲ್ಲಾರ ಮುಂದ ಖರೇ ಹೇಳಿ, ನಮ್ಮ ಮನಿತನದ ಮ್ಯಾಲಿನ ಕಳಂಕ ತೊಳದು, ಒಂದಿಷ್ಟು ಸೊಕ್ಕೂ ತೋರಸಬೇಕಂತ ಮಾತು ಕಟ್ಟಿಕೊಂಡು ಹೋಗಿದ್ನಿ. "ನಾ ಏನೂ ತಿಂದಿಲ್ರಿ, ಅದು ಅಭ್ಯಾಸಕ್ಕ ತಂದದ್ದು" ಅಂತ ಎಲ್ಲಾ ಬಿಡಿಸಿ ಹೇಳಿದ್ನಿ.

ಅವರೊಳಗ ಹಿರಿಯಾಕಿ ಪೇಢೆ ಬಾಯಾಗ ಹಾಕ್ಕೊಂಡು, "ತಿಂದಿದ್ದಿ, ಬಿಟ್ಟಿದ್ದಿ, ಅದು ನಿಮ್ಮ ಮನಿ ಮಾತವ್ವಾ. ನಿಮ್ಮ ಅತ್ತಿ ಆವಾಗೇ ಬಂದು ನಮ್ಮ ಬಾಯಿ ಮುಚ್ಚಿಸಿ ಹೋಗ್ಯಾಳ" ಅಂದ್ಲು.

"ಯಾವಾಗ?"

"ಸುದ್ದಿ ಬಂದ ಮರುದಿನಾನೇ. ಇಲ್ಲೇ ನಿಂತು, ಲಿಂಗ ಕೈಯಾಗ ಹಿಡದು ಅಂದ್ಲು. 'ನಾನೇ ತಿನ್ನಾಕ ಹೇಳೀನಿ. ಪಾಪ ಹತ್ತೂದಿದ್ರ ನನಗ ಹತ್ತಲಿ. ಆಕಿ ಪಾಸಾಗೂತನಕ ಯಾರೂ ಆಕಿ ಮುಂದ ತುಟಿ ಬಿಚ್ಚಬ್ಯಾಡ್ರಿ' ಅಂತ."

ನಾ ಕಟ್ಟಿಕೊಂಡು ಹೋಗಿದ್ದ ಮಾತು ಒಂದೂ ಉಳೀಲಿಲ್ಲ. ಗುಡಿ ಕಟ್ಟಿ ಮ್ಯಾಲ, ಅಷ್ಟೂ ಹೆಣಮಕ್ಕಳ ನಡುವ ಕುಂತು, ಸಣ್ಣ ಹುಡುಗಿ ಹಂಗ ಅತ್ನಿ.