ಹೆಸರುಬೇಳೆ ಬಣ್ಣದ ಗೋಡೆ

—ಅಥವಾ ಅದು ಹಸಿರು ಅಲ್ಲವೇ ಅಲ್ಲವೇನೋ. ನನ್ನ ಹೆಂಡತಿ ಎಳೆ ಹಳದಿ ಅನ್ನುತ್ತಾಳೆ. ಅಣ್ಣನಂತೂ, ಆ ವರ್ಷವೂ ಬರೀ ಸುಣ್ಣವನ್ನೇ ಹಚ್ಚಿದ್ದೆವು ಅನ್ನುತ್ತಾನೆ. ನನ್ನ ಕಣ್ಣಲ್ಲಿ ಉಳಿದಿರುವುದು ಹೆಸರುಬೇಳೆಯ ಬಣ್ಣ — ಅಲ್ಲಲ್ಲಿ ಸಿಪ್ಪೆ ಉಳಿದ ಬೇಳೆ, ಹಳದಿಯೊಳಗೆ ಒಂಚೂರು ಹಸಿರು. ಯಾರನ್ನು ನಂಬಬೇಕೋ ತಿಳಿಯದು. ಒಂದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ: ಆ ಗೋಡೆ ಪೂರ್ತಿಯಾಗಲೆಂದು ನಾನು ಒಂದು ಸಾವಿನ ಸುದ್ದಿಯನ್ನು ಇಡೀ ಹಗಲು ಬಚ್ಚಿಟ್ಟೆ. ಸತ್ತವರು ನನ್ನ ಅತ್ತಿಗೆಯ ಅಪ್ಪ.

ಎಪ್ಪತ್ತರ ದಶಕದ ನಡುವಿನ ಮಾತು. ಹತ್ತಿಮತ್ತೂರಿನ ನಮ್ಮ ಮನೆಗೆ ಸವಣೂರಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು — ಹುಡುಗನನ್ನು, ಅಂದರೆ ನನ್ನನ್ನು, ನೋಡಿದ್ದಾಗಿತ್ತು, ಇನ್ನು ಮನೆ ನೋಡುವುದು. ನಮ್ಮದು ಪ್ರತಿವರ್ಷ ಬಿಳಿ ಸುಣ್ಣ, ಕೆಳಗೊಂದು ಕೆಮ್ಮಣ್ಣಿನ ಪಟ್ಟಿ. ನಾನು ಹಟ ಹಿಡಿದೆ, ಈ ಸಲ ಬಣ್ಣವೇ ಬೇಕು ಅಂತ. ಅವ್ವ ಒಪ್ಪಲಿಲ್ಲ. ‘ಗ್ವಾಡಿಗೆ ಬಣ್ಣ ಬಳದ್ರ ಮನಿ ಸಂತ್ಯಾಗಿನ ಟ್ರಂಕ್ ಕಂಡಂಗ ಕಾಣ್ತೈತಿ’ ಅಂದಳು. ಕೊನೆಗೆ ಅಣ್ಣ ಮುಂದಿನ ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ತೇಪೆ ಹಚ್ಚಿ, ಗಂಗವ್ವ ಹೇಳಿದ್ದೇ ಆಗಲಿ ಅಂದ. ಗಂಗವ್ವ ಅಂದರೆ ಅತ್ತಿಗೆ.

ಸುಣ್ಣದ ಬಣ್ಣ ಹಸಿಯಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ನಾನು ಅವಸರ ಮಾಡಿದರೆ ಆಕೆ ನಕ್ಕಳು. ‘ಮದಿಮಗಗ ಭಾಳ ಗಡಿಬಿಡಿ ಆಗೇತಿ ನೋಡ್ರಿ. ಒಣಗೂಮಟ ತಡೀರಿ.’ ಒಣಗಿದ ಮೇಲೆ, ಯಾವ ತೇಪೆಯೂ ಬೇಡ, ತಾನೇ ಕಲಸುತ್ತೇನೆ ಅಂದಳು. ಚಿಕ್ಕೇರೂರಿನ ತವರುಮನೆಯ ಗೋಡೆಗೆ ಆಕೆಯ ಅಪ್ಪ ಹಚ್ಚುತ್ತಿದ್ದ ಬಣ್ಣ. ಹಳದಿ ಪುಡಿ ಎಷ್ಟು, ನೀಲಿ ಎಷ್ಟು, ಅಂಟಿನ ನೀರು ಯಾವಾಗ — ಅಳತೆ ಆಕೆಯ ಕೈಯಲ್ಲಿತ್ತು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಸುಣ್ಣದ ಬಾನಿಯೊಳಗೆ ಮೊಣಕೈಮಟ ಕೈಹಾಕಿ ತಿರುವಿ, ಉಗುರಿನ ಮೇಲೆ ಒಂದು ಹನಿ ಒಣಗಿಸಿ ನೋಡುತ್ತಿದ್ದಳು.

ಅವರು ಬರುವ ದಿನ ಬೆಳಿಗ್ಗೆ ಅರ್ಧ ಗೋಡೆಗೆ ಹಳದಿ ಪುಡಿ ತೀರಿತು. ತರಲು ಸವಣೂರಿಗೆ ಹೋದವನು ನಾನು. ಪುಡಿ ಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, ಹಾನಗಲ್ಲ ಕಡೆಯ ಬಸ್ಸಿನಿಂದ ಚನ್ನಪ್ಪ ಇಳಿದ. ಅತ್ತಿಗೆಯ ತವರಿನ ನೆರೆಮನೆಯವನು. ನನ್ನ ತೋಳು ಹಿಡಿದುಕೊಂಡ.

‘ಗಂಗವ್ವನ ಅಪ್ಪ ಹೋಗಿಬಿಟ್ರು ತಮ್ಮಾ. ಮಗಳು ಮಾರಿ ನೋಡೂಮಟ ಎತ್ತೂದು ಬ್ಯಾಡ ಅಂದೇವಿ. ಹೊತ್ತು ಮುಣಗೂತನಕ ಕಾಯ್ತೇವಿ.’

ಆತ ಶಿಗ್ಗಾಂವಿಗೂ ಹೋಗಬೇಕಿತ್ತು, ಅತ್ತಿಗೆಯ ತಂಗಿಗೆ ಹೇಳಲು. ನಮ್ಮಲ್ಲಿಗೆ ಬಂದು ಹೋದರೆ ತಡವಾಗುತ್ತದೆಂದು ಒದ್ದಾಡುತ್ತಿದ್ದ. ನಾನೇ ಅಂದೆ — ಈ ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿದೆ —

‘ನೀವು ಶಿಗ್ಗಾಂವಿಗೆ ಹೋಗ್ರಿ. ನಾ ಹೇಳ್ತೇನಿ.’

ಆತ ತಕ್ಷಣ ಹೋಗಲಿಲ್ಲ. ಇನ್ನೂ ಏನೋ ಹೇಳುತ್ತಲೇ ಇದ್ದ, ರಾತ್ರಿಯೆಲ್ಲ ತಾನು ಹತ್ತಿರವೇ ಕೂತಿದ್ದೆನೆಂದು… ನಾನು ಕೈಯಲ್ಲಿದ್ದ ಪುಡಿಯ ಪೊಟ್ಟಣ ನೋಡುತ್ತಿದ್ದೆ.

ನಮ್ಮ ಧರ್ಮದಲ್ಲಿ ಸೂತಕವಿಲ್ಲ. ಗೆಳೆಯರ ಮುಂದೆ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಸಾವು ಕೇಳಿದ ಮನೆಯಲ್ಲಿ ಸುಣ್ಣದ ಬಾನಿ ಮುಟ್ಟಬಾರದೆಂದು ಅವ್ವ ನಂಬಿದ್ದಳು. ಆ ನಂಬಿಕೆಯ ಮುಂದೆ ನನ್ನ ವಾದ ನಡೆಯುತ್ತಿರಲಿಲ್ಲ. ಅತ್ತಿಗೆ ಹೊರಟರೆ ಉಳಿದರ್ಧಕ್ಕೆ ಆ ಬಣ್ಣ ಕಲಸುವವರೂ ಇರಲಿಲ್ಲ. ಅರ್ಧ ಗೋಡೆ, ಬಿಕೋ ಅನ್ನುವ ಮನೆ, ಅದನ್ನು ನೋಡಲು ಬಂದ ಬೀಗರು. ಮೇಲೆ, ಇನ್ನೂ ಹೊಸ್ತಿಲು ದಾಟದ ಹುಡುಗಿಯ ಕಾಲ್ಗುಣದ ಮಾತು ಹುಟ್ಟುತ್ತದೆ — ಆಕೆಗಾಗಿಯೇ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಹುಡುಗಿ ಇರಲಿಲ್ಲ. ಗೋಡೆ ಇತ್ತು.

ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು.

‘ಯಾಕ, ಮಾರಿ ಹಿಂಗ್ಯಾಕ ಸಣ್ಣದ ಮಾಡೀರಿ? ಪುಡಿ ಸಿಗಲಿಲ್ಲೇನು?’

‘ಸಿಕ್ತು’ ಅಂದೆ.

ಆಕೆ ಕಲಸಿದಳು. ಅಲ್ಲಿ ಆಕೆಯ ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಆಕೆಯ ದಾರಿ ನೋಡುತ್ತಿದ್ದರು. ಇಲ್ಲಿ ಆಕೆ ಆತನ ಬಣ್ಣವನ್ನು ತಿರುವುತ್ತಿದ್ದಳು, ಉಗುರಿನ ಮೇಲೆ ಹನಿ ಒಣಗಿಸುತ್ತಿದ್ದಳು. ಹಾಡು ಗುನುಗುತ್ತಿದ್ದಳು ಅಂತಲೂ ನೆನಪು — ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು, ನನ್ನನ್ನು ಇನ್ನಷ್ಟು ಚುಚ್ಚಿಕೊಳ್ಳಲು. ಬೀಗರು ಬರುವ ಹೊತ್ತಿಗೆ ಗೋಡೆ ಒಣಗಿತ್ತು. ಅವರ ಹಿರಿಯರೊಬ್ಬರು ಅಂಗಳದಲ್ಲೇ ನಿಂತು, ಬಣ್ಣ ಕಣ್ಣಿಗೆ ತಂಪಾಗಿದೆ, ಯಾರು ಆರಿಸಿದ್ದು ಅಂತ ಕೇಳಿದರು. ನಮ್ಮ ಸೊಸೆ, ಅಂದಳು ಅವ್ವ, ಬಣ್ಣ ಬೇಡವೆಂದ ಅದೇ ಅವ್ವ. ಅತ್ತಿಗೆ ಬಾಗಿಲ ಹಿಂದೆ ಮೊಣಕೈಯ ಸುಣ್ಣವನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿದ್ದಳು.

ಅವರು ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಹೇಳಿದೆ. ಬಸ್ ಸ್ಟ್ಯಾಂಡಿನಿಂದ ಯಾರೋ ಈಗ ಸುದ್ದಿ ಕಳಿಸಿದರು ಅಂದೆ. ಅಣ್ಣ ಮತ್ತು ಆಕೆ ಮರುದಿನ ಮೊದಲ ಬಸ್ಸಿಗೆ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಶಿಗ್ಗಾಂವಿಯ ತಂಗಿ ಮುಖ ನೋಡಿದ್ದಳು, ಹಿರಿಮಗಳು ನೋಡಲಿಲ್ಲ.

ಚನ್ನಪ್ಪ ಆ ವರ್ಷವೇ ತೀರಿಕೊಂಡ. ಅಷ್ಟರೊಳಗೆ ಆತ ಆಕೆಗೆ ಸಿಕ್ಕಿದ್ದನೋ, ಏನಾದರೂ ಹೇಳಿದ್ದನೋ ತಿಳಿಯದು — ಯಾರೂ ನನ್ನನ್ನು ಕೇಳಲಿಲ್ಲ. ನನ್ನ ಮದುವೆಯಾಯಿತು. ಮತ್ತೆ ಸುಣ್ಣದ ಕಾಲ ಬಂದಾಗ ಅತ್ತಿಗೆ ‘ಯಾವುದಾರ ಹಚ್ರಿ’ ಅಂದು ಒಳಗೆ ಹೋದಳು. ಮುಂದೆಂದೂ ಬಾನಿಗೆ ಕೈ ಹಾಕಲಿಲ್ಲ.

ನಾನೀಗ ಹಿರೇಕೆರೂರಿನಲ್ಲಿದ್ದೇನೆ. ಹೋದ ದೀಪಾವಳಿಗೆ ಮುಂಚೆ, ಮನೆಗೆ ಬಣ್ಣ ಆರಿಸಬೇಕು ಬಾ ಎಂದು ಅಣ್ಣ ಕರೆಸಿದ. ಅಂಗಡಿಯಿಂದ ಡಬ್ಬಿಗಳು ಬಂದಿದ್ದವು, ಕಲಸುವ ಕೆಲಸವೇ ಇರಲಿಲ್ಲ. ನಾನು ಬಾಗಿಲ ಬದಿಯ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ಬಿಳಿ, ನೀಲಿ, ಮತ್ತೆ ಬಿಳಿ, ಆಮೇಲೆ ಮಣ್ಣು.

‘ಅಲ್ಲಿಲ್ಲ ಅದು’ ಅಂದಳು ಅತ್ತಿಗೆ, ಹಿಂದೆ ನಿಂತು. ‘ಅಲ್ಲಿ ಪೂರ್ತಿ ಉದುರಿ ಹೋತು.’

ಅಂದು ಹೇಳಿದೆ. ಬಸ್ ಸ್ಟ್ಯಾಂಡು, ಚನ್ನಪ್ಪ, ಪೊಟ್ಟಣ, ನಾನು ಹೇಳುತ್ತೇನೆ ಎಂದ ಮಾತು, ಹೇಳದೆ ಉಳಿದದ್ದು — ಎಲ್ಲ. ಆಕೆ ಬೈಯಲಿಲ್ಲ, ಅಳಲಿಲ್ಲ. ಮೊದಲೇ ಗೊತ್ತಿತ್ತು ಅಂತಲೂ ಅನ್ನಲಿಲ್ಲ, ಗೊತ್ತಿರಲಿಲ್ಲ ಅಂತಲೂ ಅನ್ನಲಿಲ್ಲ. ಕಟ್ಟೆಯ ಮೇಲೆ ಕೂತು ಒಂದೇ ಕೇಳಿದಳು:

‘ಚನ್ನಪ್ಪ ರಾತ್ರೆಲ್ಲಾ ಅಪ್ಪನ ಹಂತ್ಯಾಕ ಇದ್ದ. ನಿಮ್ಮ ಮುಂದ ಮತ್ತೇನು ಹೇಳಿದಾ?’

ಆತ ಹೇಳಿದ್ದ. ನನ್ನ ತೋಳು ಹಿಡಿದುಕೊಂಡು ಸಾಕಷ್ಟು ಹೊತ್ತು ಹೇಳಿದ್ದ. ಆತನ ತುಟಿ ಅಲುಗಿದ್ದು ನೆನಪಿದೆ, ಪೊಟ್ಟಣದಿಂದ ನನ್ನ ಅಂಗೈಗೆ ಸೋರಿದ ಹಳದಿ ಪುಡಿ ನೆನಪಿದೆ.

ಏನು ಹೇಳಿದನೋ, ನನಗೆ ಗೊತ್ತಿಲ್ಲ.