ಸೀರೆಗಳ ನಡುವೆ ಒಂದು ಹಾಡು

ನಮ್ಮ ಮನೆಯಲ್ಲೊಂದು ಸ್ಟುಡಿಯೋ ಇದೆ ಎಂದು ಆಫೀಸಿನಲ್ಲಿ ಹೇಳಿಕೊಂಡು ಓಡಾಡುತ್ತೇನೆ. ಅದು ಬಟ್ಟೆಯ ಬೀರು ಇಟ್ಟಿರುವ ಕೋಣೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೀರುವಿನ ಬಾಗಿಲು ತೆರೆದಿಟ್ಟು, ತೂಗುಹಾಕಿದ ಸೀರೆಗಳಿಗೆ ಮುಖ ಮಾಡಿ ಹಾಡಿದರೆ ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಮೈಕು, ಕಂಪ್ಯೂಟರು, ನಾನು ಮೂವರೂ ಮಂಚದ ಪಕ್ಕದ ಸಂದಿಯಲ್ಲಿ. ಹೆಬ್ಬಗೋಡಿಯ ಬಾಡಿಗೆ ಫ್ಲಾಟಿನಲ್ಲಿ ಕಲೆಗೆ ಇದಕ್ಕಿಂತ ಹೆಚ್ಚು ಜಾಗ ಸಿಗದು.

ಹಾಡುವವಳು ನನ್ನ ಹೆಂಡತಿ ಗಿರಿಜೆ, ದಾವಣಗೆರೆಯವಳು. ಹಗಲೆಲ್ಲ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ನೌಕರರಿಗೆ ತರಬೇತಿ ಕೊಡುತ್ತಾಳೆ, ಸಂಜೆ ಅದೇ ಗಂಟಲಿನಲ್ಲಿ ವಚನ ಹಾಡುತ್ತಾಳೆ. ಅವಳ ಅಜ್ಜಿ ಕಲಿಸಿದ ಒಂದು ಮಟ್ಟಿದೆ. ಕೊನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಿ, ಅಲ್ಲೇ ತುಸು ನಿಂತು, ಇಳಿಯಲು ಮನಸ್ಸಿಲ್ಲದ ಹಾಗೆ ಇಳಿಯುತ್ತದೆ. ‘ಒಂದು ದಿನ ರೆಕಾರ್ಡ್ ಮಾಡೋಣ’ ಎನ್ನುತ್ತಲೇ ವರ್ಷಗಳನ್ನು ಕಳೆದಿದ್ದೆವು. ದಿನವೂ ಅಡುಗೆಮನೆಯಿಂದ ಕೇಳಿಬರುವ ಹಾಡಿಗೆ ಅವಸರವೇನಿರುತ್ತದೆ?

ಅವಸರವನ್ನು ಡಾಕ್ಟರು ತಂದರು. ಗಿರಿಜೆಯ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತ್ತು. “ಭಯಪಡೋವಂಥದ್ದೇನಿಲ್ಲ ಮೇಡಂ, ಆದ್ರೆ ತೆಗೀಬೇಕು. ದನಿ ಸ್ವಲ್ಪ ಬದಲಾದ್ರೂ ಆಗಬಹುದು” ಎಂದರು. ಸೋಮವಾರ ಆಪರೇಷನ್. ಆಟೋದಲ್ಲಿ ಮರಳುವಾಗ ಅವಳು, “ಅಜ್ಜಿ ಹಾಡು ಒಂದನ್ನಾದ್ರೂ ತೆಗೆದಿಟ್ಕೊಳ್ರಿ” ಎಂದಳು.

ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತೆವು. ಅವಳು ಸೀರೆಗಳ ಮುಂದೆ ಕಣ್ಣು ಮುಚ್ಚಿ ಹಾಡಿದಳು. ಮರಳಿ ಹಾಕಿ ಕೇಳಿದರೆ ನಡುನಡುವೆ ‘ಟಪ್’ ಎಂದು ದನಿಯೇ ಮಾಯ! ಕಣ್ಣೆವೆ ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆದರೆ ಅನ್ನದಲ್ಲಿ ಕಲ್ಲು ಎಷ್ಟು ಸಣ್ಣದಾದರೇನು? ಶಾಲೆಯಲ್ಲಿ ಲೋಪಸಂಧಿ ಕಲಿತಾಗ ಮೇಷ್ಟ್ರು, ಒಂದು ಸ್ವರ ಬಿಟ್ಟುಹೋದರೆ ಎರಡು ಪದಗಳು ಇನ್ನಷ್ಟು ಹತ್ತಿರವಾಗುತ್ತವೆ ಎಂದಿದ್ದರು. ಕಂಪ್ಯೂಟರಿನ ಲೋಪಕ್ಕೆ ಆ ಸಂಸ್ಕಾರವಿಲ್ಲ. ಅದು ಬರೀ ಮುರಿಯುತ್ತದೆ.

ನನ್ನ ಉದ್ಯೋಗ ಮೀಟರು ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಬೇರೆಯವರು ಮಾಡಿದ್ದರಲ್ಲಿ ದೋಷ ಹುಡುಕಲು ಸಂಬಳ ಪಡೆಯುವವನು ನಾನು. ಆ ಗರ್ವದಲ್ಲೇ ಶುರುಮಾಡಿದೆ. ಕೇಬಲ್ ಬದಲಿಸಿದೆ. ಅರ್ಥವಾಗದ ಸೆಟ್ಟಿಂಗುಗಳನ್ನು ಅರ್ಥವಾದವನಂತೆ ಒತ್ತಿದೆ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಒಯ್ಯುವುದಿಲ್ಲ, ಬಿಂದಿಗೆಯಲ್ಲಿ ತುಂಬಿಕೊಂಡು ಒಯ್ಯುತ್ತದೆ. ಆ ಬಿಂದಿಗೆಗೆ ಬಫರ್ ಎಂದು ಹೆಸರು. ಸಕಾಲಕ್ಕೆ ಹೊತ್ತೊಯ್ಯದಿದ್ದರೆ ಅಷ್ಟು ದನಿ ಚೆಲ್ಲಿಹೋಗುತ್ತದೆ. ಸರಿ, ಬಿಂದಿಗೆ ದೊಡ್ಡದು ಮಾಡಿದೆ. ‘ಟಪ್’ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಮೇಲಾಗಿ ದೊಡ್ಡ ಬಿಂದಿಗೆ ತುಂಬಲು ಹೊತ್ತು ಹಿಡಿಯಿತು; ಗಿರಿಜೆ ಹೆಡ್‌ಫೋನ್ ಕಿತ್ತಳು.

“ನಾನು ಹಾಡಿ ಮುಗಿಸಿದ ಮ್ಯಾಲೆ ನನ್ನ ದನಿ ಕಿವಿಗೆ ಬರ್ತೈತಲ್ರೀ! ಹಿಂಗಾದ್ರೆ ತಾಳ ಎಲ್ಲಿ ನಿಲ್ತೈತಿ?”

ಹಾಡಿ ಹಾಡಿ ಅವಳಿಗೆ ಸುಸ್ತಾಗಿತ್ತು. ಎಷ್ಟೋ ದಿನದಿಂದ ಕೂಡಿಟ್ಟ ದನಿಯನ್ನು ನಾನೇ ಖರ್ಚು ಮಾಡಿಸುತ್ತಿದ್ದೇನೆ ಅನಿಸಿ ನಿಲ್ಲಿಸಿದೆ. ಅವಳು ಪಕ್ಕದ ಕೋಣೆಗೆ ಹೋಗಿ ಮಲಗಿದಳು. ನಾನು ಕಂಪ್ಯೂಟರನ್ನೇ ನೋಡುತ್ತ ಕೂತೆ. ಅಲ್ಲಿಂದ ಗುನುಗು ಕೇಳಿಸಲಿಲ್ಲ. ಅವಳು ಹಾಡದ ಮನೆ ಹೇಗಿರುತ್ತದೆಂದು ಮೊದಲ ಬಾರಿಗೆ ಕೇಳಿಸಿಕೊಂಡೆ.

ಭಾನುವಾರ, ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುವ ಗೆಳೆಯ ಪ್ರಕಾಶನಿಗೆ ಫೋನ್ ಮಾಡಿದೆ. ಅವನು ಆನೇಕಲ್‌ನಲ್ಲಿ ಯಾವುದೋ ಆರತಕ್ಷತೆಗೆ ವೈರು ಎಳೆಯುತ್ತಿದ್ದ.

“ವೈಫೈ ಆಫ್ ಮಾಡಿದ್ಯಾ ಗುರು?”

“ಹಾಡಿಗೂ ವೈಫೈಗೂ ಏನೋ ಸಂಬಂಧ?”

“ಅದು ಗಳಿಗೆಗೊಂದ್ಸಲ ಅಕ್ಕಪಕ್ಕದ ಮನೆ ಸಿಗ್ನಲ್ ಹುಡುಕುತ್ತೆ ಕಣೋ. ಕೆಲವು ಕಂಪ್ಯೂಟರ್‌ನಲ್ಲಿ ಆಗ ಬೇರೆ ಕೆಲ್ಸ ಎಲ್ಲಾ ನಿಂತ್ಬಿಡುತ್ತೆ. ನಂದೂ ಹಂಗೇ ಆಗಿತ್ತು. ಕರೆಂಟ್ ಉಳಿಸೋ ಸೆಟ್ಟಿಂಗೂ ತೆಗ್ದುಬಿಡು.”

ಎರಡನ್ನೂ ತೆಗೆದೆ. ಬಿಂದಿಗೆಯನ್ನು ಮತ್ತೆ ಚಿಕ್ಕದು ಮಾಡಿದೆ. ಮಧ್ಯಾಹ್ನದ ಬಿಸಿಲು ಕಿಟಕಿಗೆ ಬಂದಾಗ ಗಿರಿಜೆ ಒಂದೇ ಸಲ ಹಾಡಿದಳು. ಕೊನೆಯ ಸಾಲಿಗೆ ದನಿ ಮೇಲಕ್ಕೇರಿ ನಿಂತಿತು. ಮರಳಿ ಹಾಕಿ ಕೇಳಿದೆ. ಅದು ಒಂದೂ ಬಿರುಕಿಲ್ಲದೆ ಇಳಿಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಾಯ ಮಾಯಿತು, ಅವಳು ಕೆಲಸಕ್ಕೂ ಹೋದಳು. ಮಾತಾಡುವ ದನಿ ಹೆಚ್ಚುಕಡಿಮೆ ಅದೇ, ಆದರೆ ಹಾಡಿನಲ್ಲಿ ಆ ಮೇಲಿನ ಜಾಗಕ್ಕೆ ಈಗ ಅವಳ ದನಿ ಹತ್ತುವುದಿಲ್ಲ. ಇನ್ನಷ್ಟು ತಿಂಗಳು ಕಾಯಿರಿ ಎನ್ನುತ್ತಾರೆ ಡಾಕ್ಟರು. ನಾನು ಕಾಯುತ್ತ, ಅವಳು ಮನೆಯಲ್ಲಿಲ್ಲದಾಗ ಆ ರೆಕಾರ್ಡಿಂಗ್ ಹಾಕಿಕೊಂಡು ಕೇಳುತ್ತಿದ್ದೆ. ಹೆಂಡತಿಯೊಡನೆ ಒಂದೇ ಮನೆಯಲ್ಲಿದ್ದುಕೊಂಡು ಅವಳಿಗಾಗಿಯೇ ಹಂಬಲಿಸುವುದು ವಿಚಿತ್ರ ಸ್ಥಿತಿ. ಯಾರಿಗೂ ಹೇಳಿಕೊಳ್ಳುವಂತಿಲ್ಲ.

ಮೊನ್ನೆ ಅವಳು ಬೇಗ ಬಂದಳು. ನನಗೆ ತಿಳಿಯಲಿಲ್ಲ. ಬಾಗಿಲಲ್ಲೇ ನಿಂತು, ಹಾಡು ಮುಗಿಯುವವರೆಗೆ ಕೇಳಿದಳು.

“ಚಲೋ ಹಾಡ್ಯಾಳ” ಎಂದಳು, ಬೇರೆ ಯಾರನ್ನೋ ಮೆಚ್ಚುವ ಹಾಗೆ. ಚೀಲ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತಳು. “ಅಕೀನ್ನೇ ಕೇಳ್ಕೊಂತ ಕೂತ್ರೆ ನನ್ನ ಹಾಡು ಕೇಳೋರು ಯಾರ್ರೀ? ಶ್ರುತಿ ಎರಡು ಮನಿ ಇಳಿಸ್ರಿ.”

ಶ್ರುತಿಪೆಟ್ಟಿಗೆಯನ್ನು ಎರಡು ಸ್ವರ ಕೆಳಗೆ, ಅವಳ ಈಗಿನ ದನಿಗೆ ಇಳಿಸಿದೆ. ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.